ರಿಯಾಯಿತಿ ಬುಟ್ಟಿಯ ಲೆಕ್ಕ

(ಚಿಲ್ಲರೆ ಅಂಗಡಿಗಳ ಮಾಲೀಕರು ಮತ್ತು ವ್ಯವಸ್ಥಾಪಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಿಯಾಯಿತಿ ಬುಟ್ಟಿ ಇಟ್ಟರೆ ವ್ಯಾಪಾರ ಹೆಚ್ಚಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಹೆಚ್ಚಾಗುತ್ತದೆ, ಆದರೆ ಎಲ್ಲ ಬುಟ್ಟಿಗಳಿಂದಲೂ ಅಲ್ಲ. ಕೆಲವು ಬುಟ್ಟಿಗಳು ವ್ಯಾಪಾರ ಹೆಚ್ಚಿಸಿದಂತೆ ಕಾಣುತ್ತಲೇ ಒಳಗೊಳಗೆ ಲಾಭ ತಿನ್ನುತ್ತಿರುತ್ತವೆ. ಇನ್ನು ಕೆಲವು ಏನೂ ಮಾಡದೆ ಜಾಗ ಹಿಡಿದು ಕೂತಿರುತ್ತವೆ. ಹೊರಗಿನಿಂದ ನೋಡಿದರೆ ಯಾವುದು ಎಂಥದು ಎಂದು ಗೊತ್ತಾಗುವುದಿಲ್ಲ. ಎಲ್ಲದರಲ್ಲೂ ಸಾಮಾನು ರಾಶಿ ಬಿದ್ದಿರುತ್ತದೆ, ಎಲ್ಲದರ ಮೇಲೂ ಕೆಂಪು ಬೋರ್ಡು ಇರುತ್ತದೆ.

ಹಾಗಾಗಿ ಯಾವ ಅಂಗಡಿಗೆ ಹೋದರೂ ನಾನು ಮೊದಲು ಕೇಳುವುದು, ಈ ಬುಟ್ಟಿ ಇಲ್ಲಿ ಯಾಕಿದೆ ಎಂದು. ಬುಟ್ಟಿಗೆ ಎರಡು ಕೆಲಸ ಹೇಳಬಹುದು. ನಿಂತುಹೋದ ಸ್ಟಾಕನ್ನು ಹೊರಗೆ ಕಳಿಸಿ, ಅದರಲ್ಲಿ ಸಿಕ್ಕಿಕೊಂಡ ದುಡ್ಡನ್ನೂ ಅದು ತಿನ್ನುತ್ತಿರುವ ಜಾಗವನ್ನೂ ಬಿಡಿಸಿಕೊಳ್ಳುವುದು ಒಂದು. ಹಾದು ಹೋಗುವವರನ್ನು ನಿಲ್ಲಿಸಿ ಒಳಗೆ ಕರೆತರುವುದು, ಒಳಗೆ ಬಂದವರು ಯೋಚಿಸಿರದ ಒಂದು ವಸ್ತುವನ್ನು ಅವರ ಬಿಲ್ಲಿಗೆ ಸೇರಿಸುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಸಾಮಾನು, ಬೆಲೆ, ಜಾಗ ಎಲ್ಲವೂ ಎರಡನೆಯದಕ್ಕಿಂತ ಬೇರೆ. ಒಂದೇ ಬುಟ್ಟಿಗೆ ಎರಡೂ ಕೆಲಸ ಹೊರಿಸಿದಾಗಲೇ ಅದು ಎರಡನ್ನೂ ಅರ್ಧಂಬರ್ಧ ಮಾಡುವುದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಇದು ಹೊಸ ಉಪಾಯವೇನಲ್ಲ. 1878ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಊರಿನ ಒಂದು ಅಂಗಡಿಯಲ್ಲಿ ಫ್ರಾಂಕ್ ವುಲ್‌ವರ್ತ್ ಎಂಬ ಗುಮಾಸ್ತ ಇದ್ದ. ಅಲ್ಲಿ ಉಳಿದುಹೋದ ಚಿಕ್ಕಪುಟ್ಟ ಸಾಮಾನುಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ, ಯಾವುದು ತೆಗೆದುಕೊಂಡರೂ ಐದು ಸೆಂಟ್ ಎಂದು ಬರೆದಿಟ್ಟರು. ಸಾಮಾನು ಬೇಗನೆ ಖಾಲಿಯಾಯಿತು. ಮರುವರ್ಷ ಫೆಬ್ರವರಿಯಲ್ಲಿ ವುಲ್‌ವರ್ತ್ ಅದೇ ಐದು ಸೆಂಟಿನ ಲೆಕ್ಕದಲ್ಲಿ ಯುಟಿಕಾದಲ್ಲಿ ಸ್ವಂತ ಅಂಗಡಿ ತೆರೆದ. ಅದು ಕೆಲವೇ ತಿಂಗಳಲ್ಲಿ ಮುಚ್ಚಿತು. ಜೂನ್ ತಿಂಗಳಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಮತ್ತೆ ತೆರೆದಾಗ ಅಂಗಡಿ ನಿಂತಿತು, ಬೆಳೆಯಿತು, ಮುಂದೆ ನೂರಾರು ಅಂಗಡಿಗಳ ಸಾಲೇ ಆಯಿತು. ಈ ಕತೆಯಿಂದ ನಾನು ಎರಡು ವಿಷಯ ತೆಗೆದುಕೊಳ್ಳುತ್ತೇನೆ. ರಾಶಿಗೆಲ್ಲ ಒಂದೇ ಬೆಲೆ ಇಟ್ಟರೆ ಗಿರಾಕಿಯ ಲೆಕ್ಕಾಚಾರದ ಶ್ರಮ ತಪ್ಪುತ್ತದೆ. ಅವರು ಬೆಲೆ ನೋಡುವುದನ್ನು ಬಿಟ್ಟು ಸಾಮಾನು ನೋಡಲು ಶುರುಮಾಡುತ್ತಾರೆ. ಇನ್ನೊಂದು, ಅದೇ ಉಪಾಯ ಒಂದು ಕಡೆ ಸೋತು ಇನ್ನೊಂದು ಕಡೆ ಗೆಲ್ಲಬಹುದು. ಪಕ್ಕದವರ ಬುಟ್ಟಿ ಓಡುತ್ತಿದೆ ಎಂದು ನಮ್ಮದೂ ಓಡಬೇಕೆಂದಿಲ್ಲ.

ಆದರೆ ರಿಯಾಯಿತಿ ಮಾರಾಟಕ್ಕೆ ಶಿಸ್ತು ತಂದದ್ದು ಯಾರು ಎಂದು ಕೇಳಿದರೆ ನಾನು ಹೇಳುವ ಹೆಸರು ಬೋಸ್ಟನ್ನಿನ ಎಡ್ವರ್ಡ್ ಫೈಲೀನ್. ಅವರ ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ 1909ರಲ್ಲಿ ಒಂದು ಮಳಿಗೆ ತೆರೆಯಿತು. ಅಲ್ಲಿಯ ನಿಯಮ ಇಷ್ಟೇ. ಪ್ರತಿ ವಸ್ತುವಿನ ಚೀಟಿಯಲ್ಲಿ ಅದು ಮಾರಾಟಕ್ಕೆ ಬಂದ ದಿನಾಂಕ ಇರುತ್ತದೆ. ಮಾರಾಟದ 12 ದಿನ ಕಳೆದರೂ ಹೋಗದಿದ್ದರೆ ಬೆಲೆ ಶೇ. 25ರಷ್ಟು ಇಳಿಯುತ್ತದೆ. 18 ದಿನಕ್ಕೆ ಅರ್ಧ ಬೆಲೆ. 24 ದಿನಕ್ಕೆ ಮೂಲ ಬೆಲೆಯ ಕಾಲು ಭಾಗ ಮಾತ್ರ. 30 ದಿನಕ್ಕೂ ಉಳಿದದ್ದು ದಾನಕ್ಕೆ. ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ಸಭೆಯೂ ಇಲ್ಲ, ದಿನಾಂಕವೇ ಬೆಲೆ ಇಳಿಸುತ್ತದೆ. ಬೋಸ್ಟನ್ ನಗರದ ನಡುವಿದ್ದ ಆ ಮಳಿಗೆ 2007ರವರೆಗೂ ನಡೆಯಿತು.

ಆ ನಿಯಮ ಗಿರಾಕಿಗೆ ಏನು ಮಾಡುತ್ತದೆ ನೋಡಿ. ಒಂದು ಕೋಟು ಇಷ್ಟವಾಗಿದೆ. ಇನ್ನು ಮೂರು ದಿನ ಕಾದರೆ ಬೆಲೆ ಅರ್ಧವಾಗುತ್ತದೆ ಎಂದು ಚೀಟಿಯೇ ಹೇಳುತ್ತಿದೆ. ಆದರೆ ಮೂರು ದಿನದಲ್ಲಿ ಬೇರೊಬ್ಬರು ಅದನ್ನು ಒಯ್ದುಬಿಟ್ಟರೆ? ಕಾಯುವುದೋ ಕೊಳ್ಳುವುದೋ ಎಂಬ ಆ ತೂಗಾಟವನ್ನು ಅಂಗಡಿಯವರು ಬಾಯಿಬಿಟ್ಟು ಏನೂ ಹೇಳದೆ ಹುಟ್ಟಿಸಿದರು. ಅದರಲ್ಲಿ ಸುಳ್ಳಿಲ್ಲ, ಅವಸರದ ಕೂಗಿಲ್ಲ. ಇರುವುದು ಒಂದೇ ತುಂಡು, ತಾರೀಖು ಇದು, ತೀರ್ಮಾನ ನಿಮ್ಮದು. ‘ಬೇಗ ಬನ್ನಿ, ಇವತ್ತೇ ಕೊನೆ’ ಎಂದು ತಿಂಗಳುಗಟ್ಟಲೆ ಕೂಗುವ ಬೋರ್ಡಿಗೂ ಇದಕ್ಕೂ ಎಷ್ಟು ದೂರ ಎಂದು ಯೋಚಿಸಿ.

ಅಂಗಡಿಯವರ ಕಡೆಯಿಂದಲೂ ಆ ದಿನಾಂಕಕ್ಕೆ ಬೆಲೆಯಿದೆ. ಎಡ್ವರ್ಡ್ ಲಜೀರ್ ಎಂಬ ಅರ್ಥಶಾಸ್ತ್ರಜ್ಞ 1986ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದರ ತರ್ಕವನ್ನು ಬಿಡಿಸಿಟ್ಟಿದ್ದಾರೆ. ಹೊಸ ಸಾಮಾನಿಗೆ ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂದು ಅಂಗಡಿಯವರಿಗೆ ಮೊದಲೇ ಗೊತ್ತಿರುವುದಿಲ್ಲ. ಒಂದು ಬೆಲೆ ಇಟ್ಟು ನೋಡುತ್ತಾರೆ. ಹೋಗಲಿಲ್ಲವೆಂದರೆ ಬೆಲೆ ಹೆಚ್ಚಾಯಿತು ಎಂಬ ಸುದ್ದಿ ಬಂತು ಎಂದರ್ಥ. ಹಾಗಾಗಿ ಬೆಲೆ ಇಳಿಸುವುದೆಂದರೆ ಸೋಲೊಪ್ಪಿಕೊಳ್ಳುವುದಲ್ಲ, ಮಾರುಕಟ್ಟೆ ಹೇಳಿದ್ದನ್ನು ಕೇಳಿಸಿಕೊಳ್ಳುವುದು. ನಮ್ಮಲ್ಲಿ ಎಷ್ಟೋ ಮಾಲೀಕರು ಬೆಲೆ ಇಳಿಸಲು ಹಿಂಜರಿಯುವುದು ಅಭಿಮಾನಕ್ಕೆ. ಇಷ್ಟು ಕೊಟ್ಟು ತಂದಿದ್ದೇನೆ, ಅಸಲಿಗಿಂತ ಕಡಿಮೆಗೆ ಹೇಗೆ ಕೊಡಲಿ ಎನ್ನುತ್ತಾರೆ. ಆ ಅಸಲು ಆಗಲೇ ಹೋಗಿದೆ. ಇನ್ನು ಉಳಿದಿರುವುದು ಆ ವಸ್ತು ಇವತ್ತು ಎಷ್ಟು ತರುತ್ತದೆ, ಆರು ತಿಂಗಳ ಮೇಲೆ ಎಷ್ಟು ತರುತ್ತದೆ ಎಂಬ ಪ್ರಶ್ನೆ ಮಾತ್ರ.

ಲೆಕ್ಕವನ್ನೇ ಹಾಕೋಣ, ಏಕೆಂದರೆ ಈ ಇಡೀ ವಿಷಯದ ಜೀವ ಇರುವುದು ಇಲ್ಲೇ.

60ಕ್ಕೆ ಕೊಂಡು 100ಕ್ಕೆ ಮಾರುವ ಒಂದು ವಸ್ತು ಇದೆ ಎಂದುಕೊಳ್ಳಿ. ಒಂದಕ್ಕೆ 40 ಉಳಿಯುತ್ತದೆ. ಶೇ. 20 ರಿಯಾಯಿತಿ ಕೊಟ್ಟರೆ ಬೆಲೆ 80, ಉಳಿಯುವುದು 20. ಬೆಲೆ ಐದನೇ ಒಂದು ಭಾಗ ಇಳಿದರೂ ಲಾಭ ಅರ್ಧಕ್ಕೆ ಇಳಿಯಿತು. ಮೊದಲಿನಷ್ಟೇ ಲಾಭ ಬರಬೇಕಾದರೆ ಎರಡರಷ್ಟು ಮಾರಬೇಕು. ಶೇ. 30 ಕೊಟ್ಟರೆ ಉಳಿಯುವುದು 10, ನಾಲ್ಕರಷ್ಟು ಮಾರಬೇಕು. ಶೇ. 40 ಕೊಟ್ಟರೆ ಎಷ್ಟು ಮಾರಿದರೂ ಉಳಿಯುವುದು ಸೊನ್ನೆ. ಹೇಗೂ ಓಡುತ್ತಿರುವ ಸಾಮಾನನ್ನು ಬುಟ್ಟಿಗೆ ಹಾಕುವವರು ಈ ಲೆಕ್ಕವನ್ನು ಕಣ್ಣೆದುರು ಇಟ್ಟುಕೊಳ್ಳಬೇಕು. ಬುಟ್ಟಿ ದಿನಕ್ಕೆರಡು ಸಲ ಖಾಲಿಯಾಗುತ್ತಿದೆ ಎಂಬ ಸಂಭ್ರಮ ಬೇರೆ, ತಿಂಗಳ ಕೊನೆಗೆ ಗಲ್ಲಾದಲ್ಲಿ ಉಳಿದದ್ದು ಬೇರೆ.

ಓಡುವ ಸಾಮಾನಿನಲ್ಲಿ ಇನ್ನೊಂದು ನಷ್ಟವೂ ಅಡಗಿದೆ. ಶಾಂಪೂ ಅಥವಾ ಬಟ್ಟೆ ಸೋಪಿನಂತಹ, ಮನೆಯಲ್ಲಿ ಕೂಡಿಡಬಹುದಾದ ವಸ್ತುವನ್ನು ಬುಟ್ಟಿಯಲ್ಲಿ ಕಡಿಮೆಗೆ ಇಟ್ಟಿರಿ. ನಿಮ್ಮಲ್ಲೇ ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವರು ಬಂದು ಮೂರು ತಿಂಗಳಿಗಾಗುವಷ್ಟು ಒಯ್ದರು. ಈ ತಿಂಗಳ ಮಾರಾಟ ಏರಿತು. ಮುಂದಿನ ಎರಡು ತಿಂಗಳು ಅದೇ ಸೋಪು ಶೆಲ್ಫಿನಿಂದ ಕದಲುವುದಿಲ್ಲ. ನೀವು ಹೊಸ ಮಾರಾಟ ತಂದಿಲ್ಲ, ನಾಳೆಯ ಮಾರಾಟವನ್ನು ಇವತ್ತೇ ಕಡಿಮೆ ಬೆಲೆಗೆ ಮಾಡಿ ಮುಗಿಸಿದಿರಿ. ಆಕರ್ಷಣೆಗೆಂದು ಇಡುವ ಬುಟ್ಟಿಯಲ್ಲಿ, ಗಿರಾಕಿ ಮನೆಯಿಂದ ಹೊರಡುವಾಗ ಬರೆದುಕೊಂಡ ಪಟ್ಟಿಯಲ್ಲಿ ಇರಲಾರದ ವಸ್ತುಗಳಿರಬೇಕು: ಕಾಲುಚೀಲ, ಮಕ್ಕಳ ಬಣ್ಣದ ಪೆನ್ಸಿಲು, ಅಡುಗೆಮನೆಯ ಚಿಕ್ಕ ಉಪಕರಣ, ಹಳೆಯ ಮುದ್ರಣದ ಪುಸ್ತಕ, ಮೊಬೈಲ್ ಕವರು. ಬುಟ್ಟಿಯಲ್ಲಿ ಕಾಣದಿದ್ದರೆ ಅವತ್ತು ಯಾರೂ ಕೊಳ್ಳದೇ ಇರುತ್ತಿದ್ದಂಥವು.

ಸತ್ತ ಸ್ಟಾಕಿನ ಲೆಕ್ಕವೇ ಬೇರೆ. ಅದೇ 60ರ ವಸ್ತು ಎಂಟು ತಿಂಗಳಿಂದ ಶೆಲ್ಫಿನಲ್ಲಿ ಕೂತಿದೆ. ಅದನ್ನು ಬುಟ್ಟಿಯಲ್ಲಿ 50ಕ್ಕೆ ಕೊಟ್ಟಿರಿ. ಪುಸ್ತಕದಲ್ಲಿ 10 ನಷ್ಟ. ಆದರೆ ಕೈಗೆ ಬಂದ 50ರಲ್ಲಿ ಚೆನ್ನಾಗಿ ಓಡುವ ಸಾಮಾನು ತಂದಿರಿ, ಅದೂ 60ಕ್ಕೆ 40 ಉಳಿಸಿಕೊಡುವಂಥದೇ. 50ಕ್ಕೆ ಸುಮಾರು 33 ಉಳಿಯುತ್ತದೆ. ಆ ಸಾಮಾನು ಎರಡು ತಿಂಗಳಿಗೊಮ್ಮೆ ತಿರುಗಿದರೆ ಆರು ತಿಂಗಳಲ್ಲಿ ಮೂರು ಸುತ್ತು, ಹತ್ತಿರ ಹತ್ತಿರ 100. ಬಾಡಿಗೆ, ಸಂಬಳ ಕಳೆಯುವ ಮೊದಲಿನ ಲೆಕ್ಕ ಇದು, ಆದರೂ 10ರ ನಷ್ಟದ ಎದುರು ಇಟ್ಟು ನೋಡಿ. ಒಂದು ಎಚ್ಚರಿಕೆ ಹೇಳಲೇಬೇಕು. ದುಡ್ಡಿಲ್ಲದೆ ಅಥವಾ ಜಾಗವಿಲ್ಲದೆ ಓಡುವ ಸಾಮಾನನ್ನು ಬೇಕಾದಷ್ಟು ತರಿಸಲು ಆಗುತ್ತಿಲ್ಲ ಎಂಬ ಅಂಗಡಿಗೆ ಮಾತ್ರ ಈ ಲೆಕ್ಕ ಪೂರ್ತಿ ಸಲ್ಲುತ್ತದೆ. ಬಿಡಿಸಿಕೊಂಡ ದುಡ್ಡನ್ನು ಮತ್ತೆ ಅಂಥದೇ ಓಡದ ಸಾಮಾನಿಗೆ ಹಾಕಿದರೆ ಯಾವ ಬುಟ್ಟಿಯೂ ಕಾಪಾಡುವುದಿಲ್ಲ. ಬುಟ್ಟಿಗೆ ಮೇಲಿಂದ ಮೇಲೆ ಒಂದೇ ವಿಭಾಗದ ಸಾಮಾನು ಬಂದು ಬೀಳುತ್ತಿದ್ದರೆ ತಪ್ಪು ಬುಟ್ಟಿಯದಲ್ಲ, ಖರೀದಿಯದು. ಬುಟ್ಟಿಗೆ ಏನೇನು ಬಿತ್ತು ಎಂಬ ಪಟ್ಟಿಯನ್ನು ಖರೀದಿ ಮಾಡುವವರ ಕೈಗೆ ಪ್ರತಿ ತಿಂಗಳು ಕೊಡಿ. ಅದಕ್ಕಿಂತ ಒಳ್ಳೆಯ ಪಾಠ ಅವರಿಗೆ ಬೇರೆಲ್ಲೂ ಸಿಗದು.

ಇನ್ನು ಕೈ ಬುಟ್ಟಿಯೊಳಗೆ ಹೋಗುವುದು ಯಾಕೆ ಎಂಬ ವಿಷಯಕ್ಕೆ ಬರೋಣ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1985ರಷ್ಟು ಹಿಂದೆಯೇ ಒಂದು ಭೇದ ತೋರಿಸಿದ್ದರು. ಕೊಳ್ಳುವವರಿಗೆ ಎರಡು ಬಗೆಯ ಸಂತೋಷ ಸಿಗುತ್ತದೆ. ವಸ್ತು ಉಪಯೋಗಕ್ಕೆ ಬರುತ್ತದಲ್ಲ, ಅದು ಒಂದು. ವ್ಯವಹಾರ ಚೆನ್ನಾಗಿ ಕುದುರಿತು, ಕೊಡಬೇಕಾಗಿದ್ದಕ್ಕಿಂತ ಕಡಿಮೆ ಕೊಟ್ಟೆ ಎಂಬ ತೃಪ್ತಿ ಇನ್ನೊಂದು. ರಿಯಾಯಿತಿ ಬುಟ್ಟಿ ಮಾರುವುದು ಮುಖ್ಯವಾಗಿ ಈ ಎರಡನೆಯ ಸಂತೋಷವನ್ನು. ಅದು ಹುಟ್ಟಬೇಕಾದರೆ ಗಿರಾಕಿಗೆ ಹೋಲಿಸಿ ನೋಡಲು ಒಂದು ಮೂಲ ಬೆಲೆ ಬೇಕು, ಆ ಮೂಲ ಬೆಲೆ ನಿಜವಾಗಿರಬೇಕು. ಇದಕ್ಕೆ ಆಮೇಲೆ ಬರುತ್ತೇನೆ.

ಮುಟ್ಟುವುದಕ್ಕೂ ಶಕ್ತಿಯಿದೆ. ಜೋಆನ್ ಪೆಕ್ ಮತ್ತು ಸುಝಾನ್ ಶು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಸ್ತುವನ್ನು ಬರೀ ನೋಡಿದವರಿಗಿಂತ ಕೈಯಲ್ಲಿ ಹಿಡಿದವರಿಗೆ ಅದು ತಮ್ಮದು ಎಂಬ ಭಾವ ಹೆಚ್ಚಿತ್ತು. ಗಾಜಿನ ಕಪಾಟಿನಲ್ಲಿಟ್ಟ ವಸ್ತುವನ್ನು ತೋರಿಸಿ ಎಂದು ಕೇಳಬೇಕು. ಬುಟ್ಟಿಗೆ ಯಾರನ್ನೂ ಕೇಳದೆ ಕೈ ಹಾಕಬಹುದು. ಬುಟ್ಟಿಯ ಅರ್ಧ ಬಲ ಇರುವುದು ಈ ಸ್ವಾತಂತ್ರ್ಯದಲ್ಲಿ. ಆದರೆ ಅದೇ ಸಂಶೋಧನೆ ಇನ್ನೊಂದು ಮಾತನ್ನೂ ಹೇಳುತ್ತದೆ: ಮುಟ್ಟಿದಾಗ ಹಿತವಾಗಬೇಕು, ಕಡೇಪಕ್ಷ ಅಹಿತವಾಗಬಾರದು. ಧೂಳು ಅಂಟುವ, ಅಂಟು ಜಿನುಗಿದ, ಹರಿದ ಪ್ಲಾಸ್ಟಿಕ್ ಚುಚ್ಚುವ ಬುಟ್ಟಿಯಲ್ಲಿ ಮುಟ್ಟಿಸುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು.

ಹಾಗಾದರೆ ಅಸ್ತವ್ಯಸ್ತವಾಗಿರಬೇಕೋ ಒಪ್ಪವಾಗಿರಬೇಕೋ? ಐಕಿಯಾ ಮಳಿಗೆಗಳಲ್ಲಿ ಒಂದೇ ವಸ್ತುವನ್ನು ದೊಡ್ಡ ಬುಟ್ಟಿಗಳಲ್ಲಿ ಗೊಂಚಲಾಗಿ ಸುರಿದಿಡುವುದನ್ನು ನೀವು ನೋಡಿರಬಹುದು. ಆ ಪದ್ಧತಿಗೆ ಬುಲ್ಲಾ ಬುಲ್ಲಾ ಎಂದೇ ಹೆಸರು. ರಾಶಿ ಕಂಡರೆ ಅಗ್ಗವೆಂದು ಮನಸ್ಸಿಗೆ ಅನಿಸುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಎಲ್ಲ ಸಾಮಾನಿಗೂ ಇದು ನಡೆಯುವುದಿಲ್ಲ. ಇಯಾನಾ ಕ್ಯಾಸ್ಟ್ರೋ, ಆಂಡ್ರಿಯಾ ಮೊರಾಲೆಸ್ ಮತ್ತು ಸ್ಟೀಫನ್ ನೌಲಿಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಉಪಯುಕ್ತವೆನಿಸಿದ್ದು ಈ ಕಾರಣಕ್ಕೆ. ಕೆದಕಿ ಕೆಡಿಸಿದಂತಿರುವ, ಕೆಲವೇ ಉಳಿದಿರುವ ಶೆಲ್ಫಿನಲ್ಲಿ ತಿನ್ನುವ ಕುಡಿಯುವ ವಸ್ತುವಿದ್ದರೆ ಜನ ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ, ಎಷ್ಟು ಜನ ಮುಟ್ಟಿದ್ದಾರೋ ಎಂಬ ಅಳುಕು ಬರುತ್ತದೆ. ಅದೇ ಸ್ಥಿತಿಯಲ್ಲಿ ಬಟ್ಟೆ ಮೆದುಗೊಳಿಸುವ ದ್ರವದಂಥ ವಸ್ತುವಿದ್ದರೆ, ಎಲ್ಲರೂ ಒಯ್ಯುತ್ತಿದ್ದಾರೆ, ಬೇಗ ಮುಗಿಯಬಹುದು ಎಂದುಕೊಂಡು ಕೊಳ್ಳುವುದು ಹೆಚ್ಚಾಗುತ್ತದೆ. ಒಂದೇ ದೃಶ್ಯ, ಎರಡು ಅರ್ಥ. ತಿನ್ನುವ ಸಾಮಾನನ್ನು ರಾಶಿ ಬುಟ್ಟಿಗೆ ಹಾಕಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅವಧಿ ಮುಗಿಯುತ್ತಾ ಬಂದ ಪೊಟ್ಟಣಗಳಿದ್ದರೆ ಬೇರೆಯೇ ಒಂದು ಶೆಲ್ಫಿನಲ್ಲಿ ಸಾಲಾಗಿ ನಿಲ್ಲಿಸಿ, ದಿನಾಂಕ ಮುಂದಕ್ಕೆ ಕಾಣುವಂತೆ ಇಟ್ಟು, ಯಾಕೆ ಕಡಿಮೆ ಎಂದು ಬರೆಯಿರಿ.

ಔಷಧಿ, ಮುಚ್ಚಳ ತೆರೆದ ಸೌಂದರ್ಯವರ್ಧಕ, ಗಾಜಿನ ಸಾಮಾನು, ಚೂಪಾದ ಉಪಕರಣ, ಬಿಡಿ ಬ್ಯಾಟರಿ ಇವು ಬುಟ್ಟಿಗೆ ಬರಲೇಬಾರದು. ಮಕ್ಕಳ ಕೈ ಎಲ್ಲಕ್ಕಿಂತ ಮೊದಲು ಹೋಗುವುದು ಬುಟ್ಟಿಗೇ.

ಬುಟ್ಟಿಯ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಚು ಸೊಂಟದ ಎತ್ತರಕ್ಕಿರಲಿ, ಬಗ್ಗದೆಯೇ ಕೈ ತಳ ಮುಟ್ಟಲಿ. ತುಂಬ ಆಳವಿದ್ದರೆ ತಳದ ಸಾಮಾನು ಜಜ್ಜಿಹೋಗುತ್ತದೆ, ಯಾರಿಗೂ ಕಾಣುವುದೂ ಇಲ್ಲ. ಒಳಗೊಂದು ಹುಸಿ ತಳ ಹಾಕಿ ಎತ್ತರಿಸಿದರೆ ಸ್ವಲ್ಪ ಸಾಮಾನಿಗೂ ಬುಟ್ಟಿ ತುಂಬಿದಂತಿರುತ್ತದೆ. ಖಾಲಿಯಾಗುತ್ತಾ ಬಂದಂತೆ ತಳವನ್ನು ಇನ್ನಷ್ಟು ಮೇಲೇರಿಸಬಹುದು. ಸುತ್ತಲೂ ಜನ ನಿಲ್ಲುವಂತಿದ್ದರೆ ಒಳ್ಳೆಯದು. ಒಬ್ಬರು ಕೆದಕುತ್ತಿರುವುದನ್ನು ಕಂಡರೆ ಇನ್ನೊಬ್ಬರು ಬರುತ್ತಾರೆ.

ಜಾಗದ ವಿಷಯ ಹಾಗಲ್ಲ, ಅದರಲ್ಲಿ ಬಹಳ ಮಂದಿ ಎಡವುತ್ತಾರೆ. ಅಂಗಡಿಗಳಲ್ಲಿ ಜನ ಓಡಾಡುವ ರೀತಿಯನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಗಮನಿಸಿದ ಪ್ಯಾಕೋ ಅಂಡರ್‌ಹಿಲ್ ಎರಡು ಸಂಗತಿ ತೋರಿಸಿಕೊಟ್ಟರು. ಬಾಗಿಲು ದಾಟಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಜನರಿಗೆ ಏನೂ ಕಣ್ಣಿಗೆ ಬೀಳುವುದಿಲ್ಲ. ಬೆಳಕಿಗೆ, ಗದ್ದಲಕ್ಕೆ, ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಅವರ ಗಮನ ಇರುತ್ತದೆ. ಬಾಗಿಲಿನ ಒಳಗೆ ಮೂಗಿಗೆ ತಾಗುವಂತೆ ಇಟ್ಟ ಬುಟ್ಟಿಯನ್ನು ಎಷ್ಟೋ ಜನ ದಾಟಿಯೇ ಹೋಗಿಬಿಡುತ್ತಾರೆ. ಇನ್ನೊಂದು, ಬಾಗಿಲ ಬಳಿಯ ದಾರಿಯಲ್ಲಿದ್ದ ಒಂದು ಟೈ ಸ್ಟ್ಯಾಂಡಿನ ಮುಂದೆ ನಿಂತವರು ಹಿಂದಿನಿಂದ ಒಂದೆರಡು ಸಲ ಯಾರಾದರೂ ತಗುಲಿದರೆ ಸಾಕು, ಟೈ ಬಿಟ್ಟು ನಡೆದುಬಿಡುತ್ತಿದ್ದರು. ಬುಟ್ಟಿಯ ಮುಂದೆ ಜನ ಬಾಗಿ ನಿಲ್ಲುತ್ತಾರೆ, ಬೆನ್ನ ಹಿಂದೆ ಇನ್ನೊಬ್ಬರು ಸರಾಗವಾಗಿ ದಾಟುವಷ್ಟು ದಾರಿ ಬೇಕು. ಗಾಲಿಕುರ್ಚಿಯವರೂ ದಾಟುವಷ್ಟಿದ್ದರೆ ಎಲ್ಲರಿಗೂ ಸಾಕಾಗುತ್ತದೆ. ನನ್ನ ಸಲಹೆ ಹೀಗಿದೆ: ದಾರಿಹೋಕರನ್ನು ಸೆಳೆಯಬೇಕಾದರೆ ಬುಟ್ಟಿ ಬಾಗಿಲ ಹೊರಗೇ ಇರಲಿ, ಒಳಗಿನ ಗಿರಾಕಿಗಾದರೆ ಬಾಗಿಲಿನಿಂದ ಸಾಕಷ್ಟು ಒಳಗೆ, ಜನರ ನಡಿಗೆ ನಿಧಾನವಾಗುವ ಕಡೆ ಇರಲಿ. ಹಳೆಯ ಸ್ಟಾಕು ಕಳಿಸುವ ಬುಟ್ಟಿಯನ್ನು ಹಿಂಭಾಗದಲ್ಲಿಡಿ. ಅದನ್ನು ಹುಡುಕಿಕೊಂಡು ಬರುವವರು ಅಲ್ಲಿಯವರೆಗೂ ನಡೆಯುತ್ತಾರೆ, ನಡೆಯುವಾಗ ಉಳಿದದ್ದನ್ನೂ ನೋಡುತ್ತಾರೆ.

ಬೋರ್ಡಿನ ಬಗ್ಗೆ ಹೇಳಲು ಎಲ್ಲಕ್ಕಿಂತ ಹೆಚ್ಚಿದೆ.

1990ರಲ್ಲಿ ಜೆಫ್ರಿ ಇನ್‌ಮನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆಲೆಯನ್ನು ಇಳಿಸದೆ ರಿಯಾಯಿತಿಯ ಬೋರ್ಡನ್ನಷ್ಟೇ ಇಟ್ಟರೂ, ಹೆಚ್ಚು ಯೋಚಿಸದೆ ಕೊಳ್ಳುವ ಒಂದು ವರ್ಗದ ಜನ ಆ ವಸ್ತುವನ್ನೇ ಆರಿಸಿದರು. ಇದನ್ನು ಕೇಳಿದ ಕೂಡಲೇ ಕೆಲವರಿಗೆ ಒಂದು ಯೋಚನೆ ಬರಬಹುದು, ದಯವಿಟ್ಟು ಅದನ್ನು ಬಿಟ್ಟುಬಿಡಿ. ಬೋರ್ಡಿಗೆ ಅಷ್ಟು ಬಲ ಬಂದಿರುವುದೇ ಬೋರ್ಡುಗಳು ಸಾಮಾನ್ಯವಾಗಿ ನಿಜ ಹೇಳುವುದರಿಂದ. ಊರ ಕೆರೆಯ ನೀರಿನ ಹಾಗೆ ಆ ನಂಬಿಕೆ, ಒಬ್ಬೊಬ್ಬರು ಒಂದೊಂದು ಕೊಡ ಕದ್ದು ಒಯ್ದರೂ ಕಡೆಗೆ ಬತ್ತುವುದು ಎಲ್ಲರ ಕೆರೆಯೇ. ಎರಿಕ್ ಆಂಡರ್ಸನ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ತೋರಿಸಿದ್ದು ಇದನ್ನೇ. ಒಂದು ವಿಭಾಗದಲ್ಲಿ ರಿಯಾಯಿತಿ ಬೋರ್ಡು ಇರುವ ವಸ್ತುಗಳು ಹೆಚ್ಚಾದಷ್ಟೂ ಪ್ರತಿ ಬೋರ್ಡಿನ ಪರಿಣಾಮ ಇಳಿಯುತ್ತದೆ. ಒಂದು ಹಂತ ದಾಟಿದರೆ ಹೊಸ ಬೋರ್ಡು ಇಡೀ ವಿಭಾಗದ ಮಾರಾಟವನ್ನೇ ತಗ್ಗಿಸಬಹುದು.

ಕಾನೂನೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ, ಬೆಲೆ ಇಳಿಸಿದ್ದೇವೆ ಎಂದು ಸಾರುವ ಅಂಗಡಿ ಅದಕ್ಕೂ ಹಿಂದಿನ 30 ದಿನಗಳಲ್ಲಿ ತಾನು ಇಟ್ಟಿದ್ದ ಅತಿ ಕಡಿಮೆ ಬೆಲೆಯನ್ನೇ ಹಿಂದಿನ ಬೆಲೆಯಾಗಿ ತೋರಿಸಬೇಕು. ಮೊದಲು ಬೆಲೆ ಏರಿಸಿ ಆಮೇಲೆ ಇಳಿಸುವ ಆಟಕ್ಕೆ ಹಾಕಿದ ತಡೆ ಇದು. ನೀವು ಯಾವ ದೇಶದಲ್ಲೇ ಅಂಗಡಿ ನಡೆಸಿ, ಕಾನೂನು ಇರಲಿ ಇಲ್ಲದಿರಲಿ, ಈ ನಿಯಮವನ್ನು ನಿಮಗೆ ನೀವೇ ಹಾಕಿಕೊಳ್ಳಿ ಎಂದು ನಾನು ಕೇಳಿಕೊಳ್ಳುತ್ತೇನೆ. ಹೊಡೆದುಹಾಕಿದ ಹಳೆಯ ಬೆಲೆಗೆ ನೀವು ಆ ವಸ್ತುವನ್ನು ನಿಜವಾಗಿಯೂ ಮಾರಿರಬೇಕು.

ಬೋರ್ಡಿನಲ್ಲಿ ಬರೀ ಶೇಕಡಾವಾರು ಬರೆದರೆ ಸಾಲದು, ಕಾರಣ ಬರೆಯಿರಿ. ‘ಕೊನೆಯ ತುಂಡುಗಳು.’ ‘ಹೊಸ ವಿನ್ಯಾಸ ಬಂದಿದೆ, ಇದು ಹಿಂದಿನದು.’ ‘ಡಬ್ಬಿ ಮಾತ್ರ ನೆಗ್ಗಿದೆ, ಒಳಗಿನದು ಸರಿಯಿದೆ.’ ಅಗ್ಗದ ಬೆಲೆ ಕಂಡ ಕೂಡಲೇ ಗಿರಾಕಿಯ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಇದರಲ್ಲಿ ಏನೋ ಐಬಿದೆಯೇ ಎಂಬುದು. ನೀವು ಉತ್ತರ ಕೊಡದಿದ್ದರೆ ಅವರೇ ಒಂದು ಉತ್ತರ ಕಲ್ಪಿಸಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಸತ್ಯಕ್ಕಿಂತ ಕೆಟ್ಟದಾಗಿರುತ್ತದೆ. ಇನ್ನೊಂದು ಚಿಕ್ಕ ವಿಷಯ, ಆದರೆ ಚಿಕ್ಕದಲ್ಲ: ಬಿಲ್ಲಿಂಗ್ ಕಂಪ್ಯೂಟರಿನಲ್ಲೂ ಅದೇ ಬೆಲೆ ಇರಬೇಕು. ಬುಟ್ಟಿಯಲ್ಲಿ ಒಂದು ಬೆಲೆ, ಸ್ಕ್ಯಾನ್ ಮಾಡಿದಾಗ ಇನ್ನೊಂದು ಬೆಲೆ ಬಂದರೆ, ಹಿಂದೆ ಸಾಲಿನಲ್ಲಿ ನಿಂತವರ ಎದುರು ಗಿರಾಕಿ ವಾದಿಸಬೇಕಾಗುತ್ತದೆ. ವ್ಯವಹಾರ ಕುದುರಿತು ಎಂಬ ಆ ಸಂತೋಷ ಅಲ್ಲೇ ಸಾಯುತ್ತದೆ, ಕೊನೆಗೆ ನೀವು ಕಡಿಮೆ ಬೆಲೆಗೇ ಕೊಟ್ಟರೂ ಸಹ.

ರಿಯಾಯಿತಿಯ ಅಭ್ಯಾಸ ಬಿಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಜೆ.ಸಿ. ಪೆನ್ನಿ ಉದಾಹರಣೆಯಿದೆ. ಅಮೆರಿಕದ ಆ ಮಳಿಗೆಗಳಲ್ಲಿ ವರ್ಷವಿಡೀ ಕೂಪನ್ನು, ವರ್ಷವಿಡೀ ಸೇಲ್. 2012ರಲ್ಲಿ ಹೊಸ ಮುಖ್ಯಸ್ಥ ರಾನ್ ಜಾನ್ಸನ್ ಅದನ್ನೆಲ್ಲ ತೆಗೆದು, ಪ್ರತಿದಿನವೂ ಒಂದೇ ನೇರ ಬೆಲೆ ಎಂದರು. ಆ ವರ್ಷ ಮಾರಾಟ ಸುಮಾರು ಕಾಲು ಭಾಗ ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರು ಹೊರಹೋಗಬೇಕಾಯಿತು. ರಿಯಾಯಿತಿ ಇಲ್ಲದೆ ವ್ಯಾಪಾರವೇ ಇಲ್ಲ ಎಂದು ಹಲವರು ಇದರಿಂದ ತೀರ್ಮಾನಿಸುತ್ತಾರೆ. ನಾನು ಓದುವುದು ಬೇರೆ ರೀತಿ. ವರ್ಷವಿಡೀ ರಿಯಾಯಿತಿ ಕೊಟ್ಟು ಕೊಟ್ಟು, ನೇರ ಬೆಲೆಯನ್ನು ನಂಬುವುದನ್ನೇ ಗಿರಾಕಿಗಳಿಗೆ ಮರೆಸಿಬಿಟ್ಟಿದ್ದರು. ನಿಮ್ಮ ಬುಟ್ಟಿ ಅಂಗಡಿಯ ಒಂದು ಚಿಕ್ಕ ಭಾಗವಾಗಿಯೇ ಉಳಿಯಲಿ ಎಂದು ನಾನು ಹೇಳುವುದು ಇದಕ್ಕಾಗಿ.

ಇಷ್ಟೆಲ್ಲ ಆದ ಮೇಲೆ, ಬುಟ್ಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬುಟ್ಟಿಯಿಂದ ಎಷ್ಟು ಹೋಯಿತು ಎಂದು ಎಣಿಸಿದರೆ ಏನೂ ತಿಳಿಯದು. ಬುಟ್ಟಿಯ ವಸ್ತುವಿರುವ ಬಿಲ್ಲುಗಳನ್ನು ಬೇರೆ ತೆಗೆದು, ಅವುಗಳಲ್ಲಿ ಪೂರ್ತಿ ಬೆಲೆಯ ಸಾಮಾನು ಎಷ್ಟಿದೆ ಎಂದು ನೋಡುವುದು ಅದಕ್ಕಿಂತ ಮೇಲು. ಬರೀ ಬುಟ್ಟಿಯ ಸಾಮಾನನ್ನೇ ಕೊಂಡು ಹೋಗುವ ಬಿಲ್ಲುಗಳು ಹೆಚ್ಚಿದ್ದರೆ, ನಿಮ್ಮ ಆಕರ್ಷಣೆಯ ಬುಟ್ಟಿ ಆಕರ್ಷಿಸುತ್ತಿದೆ, ಅಷ್ಟೇ, ಒಳಗೆ ಕರೆತರುತ್ತಿಲ್ಲ. ಆದರೆ ಈ ಲೆಕ್ಕದಲ್ಲೂ ಒಂದು ಮೋಸವಿದೆ. ಬುಟ್ಟಿಯ ವಸ್ತುವಿರುವ ಬಿಲ್ಲುಗಳು ಸರಾಸರಿಗಿಂತ ದೊಡ್ಡವು ಎಂದು ಕಂಡರೆ ಬುಟ್ಟಿಯೇ ಅವನ್ನು ದೊಡ್ಡದು ಮಾಡಿತು ಎಂದು ಹಿಗ್ಗಬೇಡಿ. ಹೆಚ್ಚು ಕೊಳ್ಳುವವರು ಹೆಚ್ಚು ಹೊತ್ತು ಓಡಾಡುತ್ತಾರೆ, ಹಾಗಾಗಿ ಬುಟ್ಟಿಗೂ ಕೈ ಹಾಕುತ್ತಾರೆ. ಬುಟ್ಟಿ ಇಲ್ಲದಿದ್ದರೂ ಅವರ ಬಿಲ್ಲು ದೊಡ್ಡದೇ ಇರುತ್ತಿತ್ತು. ಸರಿಯಾದ ಉತ್ತರ ಬೇಕಾದರೆ ಬುಟ್ಟಿಯನ್ನು ತೆಗೆದೇ ನೋಡಬೇಕು. ಎರಡು ವಾರ ಇಡಿ, ಎರಡು ವಾರ ತೆಗೆಯಿರಿ, ಮತ್ತೆ ಇಡಿ, ಮತ್ತೆ ತೆಗೆಯಿರಿ. ಹಬ್ಬ, ಸಂಬಳದ ದಿನ, ರಜೆಗಳು ಎರಡೂ ಕಡೆಗೆ ಸಮನಾಗಿ ಬೀಳುವಂತೆ ನೋಡಿಕೊಳ್ಳಿ. ಇಡೀ ಅಂಗಡಿಯ ಲಾಭವನ್ನು ಹೋಲಿಸಿ, ಮಾರಾಟವನ್ನಲ್ಲ. ಎರಡು ಅಂಗಡಿ ಇರುವವರು ಒಂದರಲ್ಲಿ ಇಟ್ಟು ಇನ್ನೊಂದರಲ್ಲಿ ತೆಗೆದು, ಆಮೇಲೆ ಅದಲುಬದಲು ಮಾಡಿದರೆ ಇನ್ನೂ ನಂಬಬಹುದಾದ ಉತ್ತರ ಸಿಗುತ್ತದೆ.

ಸಿಬ್ಬಂದಿಯ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಬುಟ್ಟಿ ಒಬ್ಬರ ಹೊಣೆಯಾಗಿರಬೇಕು, ಹೆಸರು ಹಿಡಿದು. ಎಲ್ಲರ ಬುಟ್ಟಿ ಎಂದರೆ ಯಾರ ಬುಟ್ಟಿಯೂ ಅಲ್ಲ, ವಾಪಸು ಬಂದದ್ದು, ಚೀಟಿ ಕಿತ್ತುಹೋದದ್ದು, ಎಲ್ಲಿಡಬೇಕೆಂದು ತಿಳಿಯದ್ದು ಎಲ್ಲವೂ ಅದಕ್ಕೇ ಬಂದು ಬೀಳುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ಬುಟ್ಟಿಗೆ ಬರುತ್ತದೆ ಎಂದು ಗೊತ್ತಾದರೆ ಗಿರಾಕಿಗಳು ಶೆಲ್ಫಿನಿಂದ ಕೊಳ್ಳುವುದನ್ನು ಬಿಟ್ಟು ಕಾಯುವುದಿಲ್ಲವೇ? ಕಾಯುತ್ತಾರೆ, ಯಾವುದು ಯಾವಾಗ ಬುಟ್ಟಿಗೆ ಬರುತ್ತದೆ ಎಂದು ಅವರಿಗೆ ಖಚಿತವಾಗಿ ಗೊತ್ತಿದ್ದು, ಬೇಕಾದಷ್ಟು ಉಳಿದಿರುತ್ತದೆ ಎಂದೂ ಗೊತ್ತಿದ್ದರೆ. ಪ್ರತಿ ತಿಂಗಳ ಕೊನೆಗೆ ಅದೇ ವಸ್ತುವನ್ನು ಬುಟ್ಟಿಗೆ ತರುವ ಅಂಗಡಿ ತನ್ನ ಗಿರಾಕಿಗೆ ಕಾಯುವುದನ್ನು ಕಲಿಸುತ್ತಿದೆ. ಬೋಸ್ಟನ್ನಿನವರು ತಾರೀಖನ್ನು ಬಹಿರಂಗವಾಗಿಯೇ ಹೇಳಿದರು, ಆದರೆ ತುಂಡುಗಳು ಕೆಲವೇ ಇದ್ದವು. ಎರಡರಲ್ಲಿ ಒಂದಾದರೂ ಅನಿಶ್ಚಿತವಾಗಿರಬೇಕು.

ಇನ್ನೊಬ್ಬರು ಕೇಳಿದ್ದು ಬಹಳ ನೇರವಾದ ಪ್ರಶ್ನೆ. ಬುಟ್ಟಿಯಲ್ಲೂ ಹೋಗದೆ ಉಳಿದದ್ದನ್ನು ಏನು ಮಾಡಲಿ? ಬುಟ್ಟಿಗೆ ಹಾಕುವ ದಿನವೇ ಚೀಟಿಯ ಮೇಲೆ ಹೊರಗೆ ಹೋಗುವ ದಿನವನ್ನೂ ಬರೆದಿಡಿ. ಆ ದಿನ ಬಂದಾಗ ಸರಬರಾಜುದಾರರು ವಾಪಸು ತೆಗೆದುಕೊಳ್ಳುತ್ತಾರೆಯೇ ಕೇಳಿ. ಇಲ್ಲವೆಂದರೆ ಉಪಯೋಗಿಸುವಂತಿರುವುದನ್ನು ಬೇಕಾದವರಿಗೆ ಕೊಡಿ, ಉಪಯೋಗಕ್ಕೆ ಬಾರದ್ದನ್ನು ವಿಲೇವಾರಿ ಮಾಡಿ, ಎರಡನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಶೆಲ್ಫಿಗೆ ಮಾತ್ರ ಹಿಂದಿರುಗಿಸಬೇಡಿ. ಬುಟ್ಟಿಯಲ್ಲಿ ಕಡಿಮೆ ಬೆಲೆಗೆ ನೋಡಿದ್ದನ್ನು ಮರುವಾರ ಶೆಲ್ಫಿನಲ್ಲಿ ಪೂರ್ತಿ ಬೆಲೆಗೆ ಕಂಡ ಗಿರಾಕಿ ಆಮೇಲೆ ನಿಮ್ಮ ಯಾವ ಚೀಟಿಯನ್ನೂ ನಂಬುವುದಿಲ್ಲ.